ಬೆಕ್ಕಿಗೊಂದು ಜಾಗ ಕೊಟ್ಟರೆ ಸೋಫಾ ಉಳಿಯುತ್ತದೆ



ನಮ್ಮ ಐಗಳಿ ಭಾಗದ ಮನೆಗಳಿಗೆ ಬೆಕ್ಕು ಹೊಸದಲ್ಲ. ಜೋಳ, ಗೋದಿ, ಗೋವಿನಜೋಳದ ಚೀಲ ಇದ್ದಲ್ಲಿ ಇಲಿ ಬರುತ್ತದೆ. ಇಲಿ ಬಂದಲ್ಲಿ ಬೆಕ್ಕು ಬೇಕಾಗುತ್ತದೆ. ಹಿಂದೆ ಮನೆಯಲ್ಲಿ ಬೆಕ್ಕು ಕೆಡಿಸುವಂಥ ಸಾಮಾನು ಹೆಚ್ಚು ಇರಲಿಲ್ಲ. ಒಂದು ಹೊರಸು, ನಾಲ್ಕು ಕೌದಿ, ಒಂದು ಟ್ರಂಕು, ಗೂಟಕ್ಕೆ ಹಾಕಿದ ಬಟ್ಟೆ, ಅಷ್ಟೇ. ಈಗ ಅದೇ ಮನೆಗೆ ಸೋಫಾ, ದಿವಾನ, ಗಾಜಿನ ಶೋಕೇಸು, ಟಿ.ವಿ. ಇಡುವ ಕಪಾಟು, ಓದುವ ಟೇಬಲ್ಲು ಎಲ್ಲ ಬಂದಿವೆ. ಮನೆ ಬದಲಾಯಿತು, ಬೆಕ್ಕು ಬದಲಾಗಲಿಲ್ಲ. ಜಗಳ ಹುಟ್ಟಿದ್ದು ಅಲ್ಲಿಂದ.

ಸೋಫಾದ ಬಟ್ಟೆ ಹರಿಯಿತು, ಶೋಕೇಸಿನ ಮೇಲಿನ ಕಪ್ಪು ಬಿತ್ತು, ಅಡುಗೆ ಕಟ್ಟೆಯ ಮೇಲಿನ ಹಾಲಿಗೆ ಬಾಯಿ ಹಾಕಿತು. ಇಷ್ಟಾದ ಮೇಲೆ ಮನೆಯ ಹಿರಿಯರ ಬಾಯಿಂದ ಒಂದು ಮಾತು ಬರುತ್ತದೆ: "ಈ ಬೆಕ್ಕಿನ ಕಾಟ ಸಾಕಾಗೇತಿ. ನಾಳೆ ಚೀಲದಾಗ ಹಾಕ್ಕೊಂಡು ಹೋಗಿ ದೂರ ಬಿಟ್ಟ್ ಬಾ." ಆ ಚೀಲ ಹಿಡಿಯುವ ಕೆಲಸ ಹೆಚ್ಚಾಗಿ ಬೀಳುವುದು ನಮ್ಮ ವಯಸ್ಸಿನವರ ಮೇಲೆಯೇ. ಆದ್ದರಿಂದ ಚೀಲ ಹುಡುಕುವ ಮೊದಲು ಬೆಕ್ಕನ್ನು ಪೀಠೋಪಕರಣದಿಂದ ದೂರ ಇಡುವ ದಾರಿಗಳನ್ನು ತಿಳಿದುಕೊಳ್ಳುವುದು ಒಳ್ಳೆಯದು. ದಾರಿಗಳಿವೆ, ಖರ್ಚೂ ಕಡಿಮೆ. ಆದರೆ ಬೆಕ್ಕಿಗೆ ಪೆಟ್ಟು ಕೊಡದೆ, ವಿಷ ಉಣಿಸದೆ ಮಾಡಬೇಕು.

ಬೆಕ್ಕು ಮೇಲೆ ಹತ್ತುವುದೇಕೆ?

ಬೆಕ್ಕು ನಮ್ಮ ಮೇಲಿನ ಸಿಟ್ಟಿಗೆ ಸೋಫಾ ಹರಿಯುವುದಿಲ್ಲ. ಅದರ ಪ್ರತಿಯೊಂದು 'ತುಂಟತನ'ದ ಹಿಂದೆ ಒಂದು ಅಗತ್ಯ ಇರುತ್ತದೆ.

ಸಾಕು ಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಮನುಷ್ಯ ಬೇಸಾಯ ಕಲಿತು ಕಾಳು ಕೂಡಿಡತೊಡಗಿದಾಗ ಇಲಿಗಳು ಬಂದವು, ಇಲಿಗಳ ಹಿಂದೆ ಈ ಕಾಡುಬೆಕ್ಕೂ ಊರಿಗೆ ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದು ಕಂಡುಬಂದಿದೆ. ಈ ಸಂಗತಿ 2004ರಲ್ಲಿ ಪ್ರಕಟವಾಯಿತು. ನಾಯಿಯನ್ನು ಮನುಷ್ಯ ತನ್ನ ಕೆಲಸಕ್ಕೆ ತಕ್ಕಂತೆ ತಿದ್ದಿದಷ್ಟು ಬೆಕ್ಕನ್ನು ತಿದ್ದಲಿಲ್ಲ. ನಮ್ಮ ದಿವಾನದ ಮೇಲೆ ಮಲಗಿರುವ ಪ್ರಾಣಿಯಲ್ಲಿ ಆ ಕಾಡುಬೆಕ್ಕಿನ ಸ್ವಭಾವ ಬಹಳಷ್ಟು ಉಳಿದಿದೆ. ಅದನ್ನು ಹೀಗೆ ನೋಡಬಹುದು.

ಎತ್ತರ: ಬೆಕ್ಕು ಬೇಟೆಗಾರ. ಜೊತೆಗೆ ದೊಡ್ಡ ಪ್ರಾಣಿಗಳಿಗೆ ತಾನೇ ಬೇಟೆಯಾಗಬಲ್ಲ ಸಣ್ಣ ಜೀವ. ಎತ್ತರದಲ್ಲಿ ಕುಳಿತರೆ ಸುತ್ತಲಿನದು ಕಾಣುತ್ತದೆ, ನಾಯಿಯೂ ತಲುಪುವುದಿಲ್ಲ, ಚಿಕ್ಕ ಮಕ್ಕಳೂ ಬಾಲ ಎಳೆಯುವುದಿಲ್ಲ. ಕಪಾಟಿನ ಮೇಲ್ಭಾಗ ಅದಕ್ಕೆ ಕೋಟೆಯ ಬುರುಜು ಇದ್ದಂತೆ.

ಉಗುರು: ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕುನಾಲ್ಕು, ಒಟ್ಟು 18 ಉಗುರು. ಕೆರೆದಾಗ ಉಗುರಿನ ಹಳೆಯ ಹೊರಪದರ ಕಳಚಿ ಒಳಗಿನ ಚೂಪು ಹೊರಬರುತ್ತದೆ. ಬೆನ್ನು, ಭುಜದ ಸ್ನಾಯುಗಳು ಹಿಗ್ಗುತ್ತವೆ. ಪಾದದಲ್ಲಿರುವ ಗ್ರಂಥಿಗಳ ವಾಸನೆ ಅಲ್ಲಿ ಅಂಟಿಕೊಂಡು 'ಇದು ನನ್ನ ಜಾಗ' ಎಂಬ ಗುರುತು ಉಳಿಯುತ್ತದೆ. ಹೀಗಾಗಿ ಕೆರೆಯುವುದನ್ನು ಪೂರ್ತಿ ನಿಲ್ಲಿಸಲಾಗದು. ಎಲ್ಲಿ ಕೆರೆಯಬೇಕು ಎಂಬುದನ್ನು ಮಾತ್ರ ಬದಲಿಸಬಹುದು.

ಬಿಸುಪು: ಬೆಕ್ಕಿನ ಮೈ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್, ನಮ್ಮದಕ್ಕಿಂತ ಹೆಚ್ಚು. ಆದ್ದರಿಂದ ಬೆಚ್ಚಗಿನ ಜಾಗ ಅದಕ್ಕೆ ಪ್ರಿಯ. ಫ್ರಿಜ್ಜಿನ ಮೇಲ್ಭಾಗ, ಈಗಷ್ಟೇ ಇಸ್ತ್ರಿ ಮಾಡಿದ ಬಟ್ಟೆ, ಯಾರೋ ಈಗಷ್ಟೇ ಎದ್ದುಹೋದ ಕುರ್ಚಿ, ಮಡಚಿಟ್ಟ ಜಾನಿಮಾಜ್, ಇವುಗಳ ಮೇಲೆ ಅದು ಕೂರುವುದು ಬಿಸುಪಿಗೆ ಮತ್ತು ಮೆತ್ತಗಿನ ಸ್ಪರ್ಶಕ್ಕೆ.

ವಾಸನೆ: ಮೂಗು ನಮಗಿಂತ ಹಲವು ಪಟ್ಟು ಚುರುಕು. ಅಡುಗೆ ಕಟ್ಟೆಯ ಮೇಲೆ ಮೀನಿನ ಅಥವಾ ಹಾಲಿನ ಒಂದು ಹನಿ ಉಳಿದರೂ ಅದು ಕರೆದಂತೆಯೇ.

ನಮ್ಮ ಗಮನ: ಓದುವ ಟೇಬಲ್ಲಿನ ಮೇಲೆ ಹತ್ತಿದಾಗ ನಾವು ಮಾತಾಡಿಸುತ್ತೇವೆ, ಎತ್ತಿಕೊಳ್ಳುತ್ತೇವೆ, ಕನಿಷ್ಠ ಬೈಯುತ್ತೇವೆ. ಇಡೀ ದಿನ ಒಂಟಿಯಾಗಿದ್ದ ಬೆಕ್ಕಿಗೆ ಬೈಗುಳವೂ ಗಮನವೇ.

ಆದ್ದರಿಂದ ಮೊದಲ ಕೆಲಸ ನೋಡುವುದು. ಎರಡು ಮೂರು ದಿನ ಬೆಕ್ಕು ಯಾವ ಹೊತ್ತಿಗೆ, ಯಾವ ಜಾಗಕ್ಕೆ, ಯಾವ ದಾರಿಯಿಂದ ಹತ್ತುತ್ತದೆ, ಅಲ್ಲಿ ಏನು ಮಾಡುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಾರಣ ತಿಳಿಯದೆ ಉಪಾಯ ಮಾಡಿದರೆ ಹೊಟ್ಟೆನೋವಿಗೆ ತಲೆಗೆ ಔಷಧ ಹಚ್ಚಿದಂತೆ.

ಹೊಡೆದರೆ ಏನು ಕಲಿಯುತ್ತದೆ?

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಮಗೆಲ್ಲ ಗೊತ್ತು. ಕುದಿಯುವ ಹಾಲಿಗೆ ಬಾಯಿ ಹಾಕಿ ಸುಟ್ಟುಕೊಂಡ ಬೆಕ್ಕು ಮುಂದೆ ಹಾಲು ಕಂಡರೆ ಓಡಿಹೋಗುತ್ತಿತ್ತು. ಕತೆ ಕೇಳಿ ನಗುತ್ತೇವೆ. ಆದರೆ ಅದರೊಳಗೆ ಒಂದು ಪಾಠವಿದೆ. ಬೆಕ್ಕು ಕಲಿತದ್ದು 'ಬಿಸಿ ಹಾಲು ಕುಡಿಯಬಾರದು' ಎಂದಲ್ಲ, 'ಹಾಲೇ ಬೇಡ' ಎಂದು. ಭಯ ಕಲಿಸುವ ಪಾಠ ಯಾವಾಗಲೂ ಹೀಗೆಯೇ, ಬೇಕಾದ ಕಡೆಗಿಂತ ಬೇಡವಾದ ಕಡೆಗೆ ಹೆಚ್ಚು ಹರಡುತ್ತದೆ. ಸೋಫಾದ ಮೇಲಿದ್ದ ಬೆಕ್ಕಿಗೆ ಪೊರಕೆಯಿಂದ ಹೊಡೆದರೆ ಅದು ಸೋಫಾವನ್ನು ಕೆಟ್ಟದ್ದೆಂದು ತಿಳಿಯುವುದಿಲ್ಲ, ಹೊಡೆದವರನ್ನು ಕೆಟ್ಟವರೆಂದು ತಿಳಿಯುತ್ತದೆ. ಅವರು ಮನೆಯಲ್ಲಿಲ್ಲದಾಗ ಮತ್ತೆ ಹತ್ತುತ್ತದೆ. ಮೂಲೆಗೆ ತಳ್ಳಿ ಹೊಡೆದರೆ ಪರಚುತ್ತದೆ, ಕಚ್ಚುತ್ತದೆ.

ಶಿಕ್ಷಣಶಾಸ್ತ್ರ, ಮನೋವಿಜ್ಞಾನ ಓದುವವರಿಗೆ ಥಾರ್ನ್‌ಡೈಕ್ ಹೆಸರು ಪರಿಚಿತ. 'ಪ್ರಯತ್ನ ಮತ್ತು ಪ್ರಮಾದ ಕಲಿಕೆ'ಯ ಆ ಪ್ರಸಿದ್ಧ ಪ್ರಯೋಗ ನಡೆದದ್ದು ಬೆಕ್ಕುಗಳ ಮೇಲೆ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಸಂಶೋಧನೆ ಅದು. ಹಸಿದ ಬೆಕ್ಕನ್ನು ಮರದ ಪೆಟ್ಟಿಗೆಯಲ್ಲಿಟ್ಟು ಹೊರಗೆ ಆಹಾರ ಇಡುತ್ತಿದ್ದರು. ಒಳಗಿನ ಹಗ್ಗದ ಕುಣಿಕೆ ಎಳೆದರೆ ಬಾಗಿಲು ತೆರೆಯುತ್ತಿತ್ತು. ಬೆಕ್ಕು ಮೊದಲು ಕಂಡಕಂಡಲ್ಲಿ ಪರಚಿ, ಕೊನೆಗೆ ಆಕಸ್ಮಿಕವಾಗಿ ಕುಣಿಕೆ ಎಳೆಯುತ್ತಿತ್ತು. ಮತ್ತೆ ಮತ್ತೆ ಪೆಟ್ಟಿಗೆಗೆ ಹಾಕಿದಂತೆ ಹೊರಬರುವ ಸಮಯ ಕಡಿಮೆಯಾಗುತ್ತ ಬಂತು. ಇದರಿಂದ ಬಂದದ್ದೇ 'ಪರಿಣಾಮ ನಿಯಮ': ಯಾವ ಕೆಲಸದ ನಂತರ ಸುಖ ಸಿಗುತ್ತದೆಯೋ ಆ ಕೆಲಸ ಉಳಿಯುತ್ತದೆ. ಶಿಕ್ಷೆ ಒಂದು ಅಭ್ಯಾಸವನ್ನು ಅಳಿಸುವುದಕ್ಕಿಂತ ಬಹುಮಾನ ಅಭ್ಯಾಸವನ್ನು ಬೆಳೆಸುವ ಶಕ್ತಿ ದೊಡ್ಡದು ಎಂಬ ತೀರ್ಮಾನಕ್ಕೂ ಥಾರ್ನ್‌ಡೈಕ್ ಮುಂದೆ ಬಂದರು.

ನಮ್ಮ ಸೋಫಾಕ್ಕೆ ಇದನ್ನು ಅನ್ವಯಿಸಿದರೆ ಇಡೀ ವಿಷಯ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ಬೇಡವಾದ ಜಾಗದಲ್ಲಿ ಸುಖ ಸಿಗಬಾರದು, ಬೇಕಾದ ಜಾಗದಲ್ಲಿ ಸಿಗಬೇಕು. ಎರಡೂ ಒಟ್ಟಿಗೆ ಆಗಬೇಕು. ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆಯದಿದ್ದರೆ ಬೆಕ್ಕು ಮೂರನೆಯದನ್ನು ತಾನೇ ಹುಡುಕುತ್ತದೆ.

ಮೊದಲು ಕೊಡಿ

ಉಗುರಿಗೆ ಒಂದು ಕಂಬ. ಬೇವಿನ ಅಥವಾ ಜಾಲಿಯ ಸುಮಾರು 10 ಸೆಂಟಿಮೀಟರ್ ದಪ್ಪದ ಕೊರಡು ತೆಗೆದುಕೊಳ್ಳಿ. ಬೆಕ್ಕು ಹಿಂಗಾಲಿನ ಮೇಲೆ ನಿಂತು ಪೂರ್ತಿ ಮೈ ಚಾಚುವಷ್ಟು ಎತ್ತರ ಇರಬೇಕು, 75 ಸೆಂಟಿಮೀಟರ್ ಆದರೆ ಸಾಕು. ಕೆಳಗೆ ಅಗಲವಾದ ಹಲಗೆಗೆ ಗಟ್ಟಿಯಾಗಿ ಮೊಳೆ ಹೊಡೆಯಿರಿ, ಅಲುಗಾಡಿದರೆ ಬೆಕ್ಕು ಮತ್ತೆ ಹತ್ತಿರ ಬರುವುದಿಲ್ಲ. ಕೊರಡಿಗೆ ಪುಂಡಿನಾರಿನ ಅಥವಾ ತೆಂಗಿನ ನಾರಿನ ಹಗ್ಗವನ್ನು ಒತ್ತಾಗಿ ಸುತ್ತಿ. ಎಷ್ಟು ಹಗ್ಗ ಬೇಕು ಎಂಬ ಲೆಕ್ಕ ನೀವೇ ಹಾಕಬಹುದು: ಹಗ್ಗದ ದಪ್ಪ 1 ಸೆಂಟಿಮೀಟರ್ ಇದ್ದರೆ 75 ಸುತ್ತು, ಒಂದು ಸುತ್ತಿಗೆ ಸುಮಾರು 34.5 ಸೆಂಟಿಮೀಟರ್, ಒಟ್ಟು ಸುಮಾರು 26 ಮೀಟರ್. ಹಗ್ಗ ಸಿಗದಿದ್ದರೆ ಹಳೆಯ ಗೋಣಿತಟ್ಟನ್ನು ಬಿಗಿಯಾಗಿ ಸುತ್ತಿ ಹೊಲಿದರೂ ನಡೆಯುತ್ತದೆ. ಪ್ಲಾಸ್ಟಿಕ್ ಹಗ್ಗ ಬೇಡ, ಅದರ ಎಳೆ ನುಂಗಿದರೆ ಕರುಳಿಗೆ ಅಪಾಯ.

ಈ ಕಂಬವನ್ನು ಹಿತ್ತಲಲ್ಲಿ ಇಟ್ಟು ಮರೆಯಬೇಡಿ. ಬೆಕ್ಕು ಈಗ ಕೆರೆಯುತ್ತಿರುವ ಸೋಫಾದ ಮೂಲೆಯ ಪಕ್ಕದಲ್ಲೇ ಇಡಿ. ಅಭ್ಯಾಸವಾದ ಮೇಲೆ ದಿನಕ್ಕೆ ಒಂದೆರಡು ಇಂಚಿನಂತೆ ಬೇಕಾದ ಕಡೆ ಸರಿಸಬಹುದು.

ಎತ್ತರಕ್ಕೆ ಒಂದು ಹಲಗೆ. ಕಿಟಕಿಯ ಹತ್ತಿರ, ಗೋಡೆಗೆ ಗಟ್ಟಿಯಾಗಿ ಕೂಡಿಸಿದ ಒಂದು ಅಡಿ ಅಗಲದ ಹಲಗೆ ಹಾಕಿ, ಅದರ ಮೇಲೆ ಹಳೆಯ ಕೌದಿಯ ತುಂಡು ಹಾಸಿ. ಬಾಡಿಗೆ ಮನೆಯಾದರೆ ಹಳೆಯ ಟ್ರಂಕಿನ ಮೇಲೆ ಟ್ರಂಕು ಇಟ್ಟರೂ ಸಾಕು. ಅಲ್ಲಿಂದ ಹೊರಗಿನ ಗುಬ್ಬಿ, ಪಾರಿವಾಳ ಕಂಡರೆ ಕಪಾಟಿನ ನೆನಪೇ ಬಾರದು.

ಮಲಗಲು ಒಂದು ಪೆಟ್ಟಿಗೆ. ರಟ್ಟಿನ ಪೆಟ್ಟಿಗೆಗೆ ಹಳೆಯ ಸ್ವೆಟರ್ ಅಥವಾ ಮನೆಯವರ ಮೈವಾಸನೆ ಇರುವ ಬಟ್ಟೆ ಹಾಸಿ, ಗಾಳಿ ಬೀಸದ ಮೂಲೆಯಲ್ಲಿಡಿ. ಚಳಿಗಾಲದಲ್ಲಿ ಇದಕ್ಕಿಂತ ಒಳ್ಳೆಯ ಸೋಫಾ ಬೆಕ್ಕಿಗಿಲ್ಲ.

ದಿನಕ್ಕೆ ಎರಡು ಸಲ ಆಟ. ಬೆಕ್ಕು ಹೆಚ್ಚು ಚುರುಕಾಗುವುದು ನಸುಕಿನಲ್ಲಿ ಮತ್ತು ಸಂಜೆ. ಸಂಜೆ ಹತ್ತು ನಿಮಿಷ ಕೋಲಿಗೆ ಕಟ್ಟಿದ ಬಟ್ಟೆಯ ತುಂಡಿನ ಹಿಂದೆ ಓಡಾಡಿಸಿ, ನಂತರ ಊಟ ಕೊಡಿ. ಬೇಟೆ, ಊಟ, ನಿದ್ದೆ, ಇದು ಅದರ ಸಹಜ ಕ್ರಮ. ರಾತ್ರಿ ಶೋಕೇಸಿನ ಮೇಲಿನ ಓಟ ಇದರಿಂದಲೇ ಕಡಿಮೆಯಾಗುತ್ತದೆ. ಆಟ ಮುಗಿದ ಮೇಲೆ ದಾರ, ಬಟ್ಟೆಯ ತುಂಡು ತೆಗೆದಿಡಿ.

ನಂತರ ಮುಚ್ಚಿ

ಬೆಕ್ಕಿನ ಕೈಗೆ ಸಿಗದಂತೆ ಇಡುವ ವಿದ್ಯೆಯನ್ನು ನಮ್ಮ ಅಜ್ಜಿಯರಿಂದ ಕಲಿಯಬೇಕು. ಹಾಲು, ಮೊಸರು, ಬೆಣ್ಣೆಯ ಗಡಿಗೆಗಳನ್ನು ಜಂತಿಗೆ ಕಟ್ಟಿದ ನೆಲುವಿನಲ್ಲಿ ಇಡುತ್ತಿದ್ದರು. ಗೋಡೆಯಿಂದ ದೂರ, ನೆಲದಿಂದ ಎತ್ತರ, ಮುಟ್ಟಿದರೆ ತೂಗಾಡುವ ನೆಲುವು. ಬೆಕ್ಕಿಗೆ ಪೆಟ್ಟೂ ಇಲ್ಲ, ಬೈಗುಳವೂ ಇಲ್ಲ, ಬೆಣ್ಣೆಯೂ ಉಳಿಯಿತು. ಬೆಕ್ಕನ್ನು ತಿದ್ದುವ ಬದಲು ಜಾಗವನ್ನು ತಿದ್ದಿದರು. ಇಂದಿನ ಮನೆಗೂ ಅದೇ ಉಪಾಯ ಬೇರೆ ರೂಪದಲ್ಲಿ ಹೊಂದುತ್ತದೆ.

ಅಡುಗೆ ಕಟ್ಟೆ: ಪಾತ್ರೆಗೆ ಮುಚ್ಚಳ, ಕಟ್ಟೆಗೆ ಒದ್ದೆ ಬಟ್ಟೆಯ ಒರೆಸು. ಮೂರು ನಾಲ್ಕು ಸಲ ಹತ್ತಿ ಏನೂ ಸಿಗದಿದ್ದರೆ ಬೆಕ್ಕಿನ ಆಸಕ್ತಿ ಕುಗ್ಗುತ್ತದೆ. ಒಂದು ದಿನ ಸಿಕ್ಕಿ ನಾಲ್ಕು ದಿನ ಸಿಗದಿದ್ದರೆ ಮಾತ್ರ ಆಸೆ ಇನ್ನೂ ಗಟ್ಟಿಯಾಗುತ್ತದೆ.

ಕಪಾಟು, ಶೋಕೇಸು: ಹತ್ತುವ ದಾರಿ ಮುರಿಯಿರಿ. ಪಕ್ಕದ ಕುರ್ಚಿಯನ್ನೋ ಸ್ಟೂಲನ್ನೋ ಎರಡು ಮಾರು ದೂರ ಸರಿಸಿದರೆ ಅರ್ಧ ಕೆಲಸ ಮುಗಿಯಿತು. ಅಲುಗಾಡುವ ಕಪಾಟನ್ನು ಗೋಡೆಗೆ ಬಿಗಿಯಿರಿ. ಬೆಕ್ಕು ಹಾರಿದ ರಭಸಕ್ಕೆ ಅದು ಉರುಳಿದರೆ ಕೆಳಗೆ ಆಡುವ ಮಗುವಿಗೂ ಅಪಾಯ. ಗಾಜಿನ ಸಾಮಾನು, ಧರ್ಮಗ್ರಂಥ, ಕಾಲೇಜಿನ ಪ್ರಮಾಣಪತ್ರಗಳು ಬಾಗಿಲಿರುವ ಗೂಡಿನಲ್ಲಿರಲಿ.

ಸೋಫಾ, ದಿವಾನ: ಕೆರೆಯುವ ಮೂಲೆಗೆ ಎರಡು ಬದಿ ಅಂಟುವ ಟೇಪು ಅಥವಾ ನುಣುಪಾದ ಪ್ಲಾಸ್ಟಿಕ್ ಹಾಳೆ ಹಚ್ಚಿ. ಉಗುರು ಸಿಕ್ಕಿಕೊಳ್ಳದ, ಪಾದಕ್ಕೆ ಅಂಟುವ ಜಾಗ ಬೆಕ್ಕಿಗೆ ಇಷ್ಟವಿಲ್ಲ. ಕೂರುವ ಜಾಗದ ಮೇಲೆ ರೊಟ್ಟಿ ಸುತ್ತುವ ಅಲ್ಯುಮಿನಿಯಂ ಹಾಳೆ ಹಾಸಿದರೆ ಅದರ ಸದ್ದು ಮತ್ತು ಸ್ಪರ್ಶಕ್ಕೆ ಹಲವು ಬೆಕ್ಕುಗಳು ಹಿಂಜರಿಯುತ್ತವೆ. ಹೊಸ ಅಭ್ಯಾಸ ಗಟ್ಟಿಯಾಗುವವರೆಗೆ ಎರಡು ಮೂರು ವಾರ ಇಟ್ಟರೆ ಸಾಕು. ಹಳೆಯ ವಾಸನೆ ಹೋಗುವಂತೆ ಸೋಫಾದ ಬಟ್ಟೆಯನ್ನು ಸಾಬೂನು ನೀರಿನಿಂದ ಒರೆಸುವುದನ್ನು ಮರೆಯಬೇಡಿ.

ಚಪ್ಪಲಿ: ಅಥಣಿಯ ಚರ್ಮದ ಚಪ್ಪಲಿ ಕೆರೆಯಲು ಬೆಕ್ಕಿಗೆ ಬಲು ಸೊಗಸು. ಬಾಗಿಲಿರುವ ಗೂಡೇ ಅದಕ್ಕೆ ಮದ್ದು.

ಬೆಕ್ಕು ಕಂಬ ಕೆರೆದಾಗ, ತನ್ನ ಹಲಗೆಯ ಮೇಲೆ ಕುಳಿತಾಗ, ಆ ಕ್ಷಣದಲ್ಲೇ ಒಂದು ಚೂರು ಮೀನು ಅಥವಾ ಬೇಯಿಸಿದ ಕೋಳಿ ಕೊಡಿ, ಕೆನ್ನೆ ಸವರಿ. ಐದು ನಿಮಿಷ ತಡವಾದರೆ ಯಾವುದಕ್ಕೆ ಬಹುಮಾನ ಬಂತೆಂದು ಅದಕ್ಕೆ ತಿಳಿಯದು. ಸೋಫಾ ಹತ್ತಿದರೆ ಮಾತಾಡದೆ ಎತ್ತಿ ಅದರ ಜಾಗದಲ್ಲಿ ಬಿಡಿ. ಮನೆಯವರೆಲ್ಲ ಒಂದೇ ನಿಯಮ ಪಾಲಿಸಬೇಕು. ಅಮ್ಮಿ ಇಳಿಸುವುದು, ತಮ್ಮ ಅದೇ ಸೋಫಾದ ಮೇಲೆ ತೊಡೆಯಲ್ಲಿ ಕೂರಿಸಿಕೊಳ್ಳುವುದು, ಹೀಗಾದರೆ ಬೆಕ್ಕು ತಮ್ಮನ ಪಕ್ಷ ಸೇರುತ್ತದೆ.

ಇವನ್ನು ಮಾತ್ರ ಮಾಡಬೇಡಿ

ಬೆಕ್ಕು ಬಾರದಿರಲಿ ಎಂದು ಕೆಲವರು ಸೋಫಾದ ಸುತ್ತ ಫಿನಾಯಿಲ್ ಸಿಂಪಡಿಸುತ್ತಾರೆ, ಡಾಂಬರು ಗುಳಿಗೆ ಇಡುತ್ತಾರೆ, ನೀಲಗಿರಿ ಎಣ್ಣೆ ಹಚ್ಚುತ್ತಾರೆ. ಇವು ಬೆಕ್ಕನ್ನು ಓಡಿಸುವುದಕ್ಕಿಂತ ಕೊಲ್ಲುವ ಸಾಧ್ಯತೆಯೇ ಹೆಚ್ಚು. ಇದಕ್ಕೆ ಜೀವರಸಾಯನದ ಕಾರಣವಿದೆ. ನಮ್ಮ ಯಕೃತ್ತು ಫೀನಾಲ್‌ನಂಥ ವಸ್ತುಗಳನ್ನು ಗ್ಲುಕುರೋನಿಕ್ ಆಮ್ಲದೊಂದಿಗೆ ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರದಲ್ಲಿ ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಈ ಕೆಲಸಕ್ಕೆ ಬೇಕಾದ ಕಿಣ್ವ ಬಹಳ ಕಡಿಮೆ. ವಿಷ ಒಳಗೇ ಉಳಿಯುತ್ತದೆ. ಅದು ಫಿನಾಯಿಲ್ ಕುಡಿಯಬೇಕಾಗಿಯೂ ಇಲ್ಲ. ಒದ್ದೆ ಜಾಗದಲ್ಲಿ ನಡೆದು, ಆಮೇಲೆ ಪಾದ ನೆಕ್ಕಿಕೊಂಡರೆ ಸಾಕು. ಇದೇ ಕಾರಣಕ್ಕೆ ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್‌ನ ಒಂದೇ ಗುಳಿಗೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ವಾಸನೆಯಿಂದಲೇ ದೂರ ಇಡಬೇಕೆಂದರೆ ಕಿತ್ತಳೆ ಸಿಪ್ಪೆಯನ್ನು ಬಟ್ಟಲಲ್ಲಿಡಿ, ಅದರ ಎಣ್ಣೆ ಮಾತ್ರ ಬೇಡ.

ಖಾರದಪುಡಿ ಎರಚಬೇಡಿ, ಅದು ಪಾದದಿಂದ ಕಣ್ಣಿಗೆ ಹೋಗುತ್ತದೆ. ಬಿಸಿನೀರು ಎರಚಬೇಡಿ. ಕುತ್ತಿಗೆಗೆ ಹಗ್ಗ ಕಟ್ಟಿ ಕಂಬಕ್ಕೆ ಬಿಗಿಯಬೇಡಿ, ಹಾರುವ ಪ್ರಾಣಿಗೆ ಅದೇ ಉರುಲಾಗುತ್ತದೆ. ಉಗುರು ಕೀಳಿಸುವ ಮಾತಂತೂ ಬೇಡವೇ ಬೇಡ, ಅದೆಂದರೆ ಬೆರಳಿನ ತುದಿಯ ಮೂಳೆಯನ್ನೇ ಕತ್ತರಿಸಿದಂತೆ. ಬೇಕಾದರೆ ಉಗುರಿನ ಬಿಳಿ ತುದಿಯನ್ನಷ್ಟೇ ಉಗುರು ಕತ್ತರಿಯಿಂದ ತೆಗೆಯಬಹುದು. ಒಳಗೆ ಕಾಣುವ ಗುಲಾಬಿ ಭಾಗದಲ್ಲಿ ರಕ್ತನಾಳ ಮತ್ತು ನರ ಇರುತ್ತವೆ, ಅದಕ್ಕೆ ತಾಗಿಸಬಾರದು.

ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಅರಿಸಿನ, ಸುಣ್ಣ, ಖಾರ ಹಚ್ಚಬೇಡಿ. ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ರೇಬೀಸ್ ನಾಯಿಯಿಂದ ಮಾತ್ರ ಬರುವ ರೋಗವಲ್ಲ. ಬೆಕ್ಕಿಗೂ ಲಸಿಕೆ ಹಾಕಿಸಬೇಕು. ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಅಥವಾ 1962 ಸಹಾಯವಾಣಿಗೆ ಕರೆ ಮಾಡಿ. ನಮ್ಮ ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲಿಯೇ ಪಶುವೈದ್ಯಕೀಯ ಕಾಲೇಜು ಇದೆ ಎಂಬುದೂ ನೆನಪಿರಲಿ.

ಚೀಲದ ಮಾತು

ದೂರ ಬಿಟ್ಟು ಬಂದ ಸಾಕು ಬೆಕ್ಕಿಗೆ ಆ ಊರಿನ ನೀರಿನ ಜಾಗ ಗೊತ್ತಿಲ್ಲ, ನಾಯಿಗಳ ಪರಿಚಯವಿಲ್ಲ, ಅಲ್ಲಿನ ಬೆಕ್ಕುಗಳು ಸೇರಿಸಿಕೊಳ್ಳುವುದಿಲ್ಲ. ಮನೆಯೂಟಕ್ಕೆ ಒಗ್ಗಿದ ಜೀವ ಹಸಿವಿನಿಂದಲೋ ರಸ್ತೆಯ ಮೇಲೋ ಸಾಯುತ್ತದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನಂತೆ ಪ್ರಾಣಿಯನ್ನು ಹೊಡೆಯುವುದಷ್ಟೇ ಅಲ್ಲ, ಹಸಿವು ಬಾಯಾರಿಕೆಯಿಂದ ನರಳುವಂತೆ ಕಾರಣವಿಲ್ಲದೆ ಬಿಟ್ಟುಬರುವುದೂ ಅಪರಾಧ. ನಮ್ಮ ಸಂವಿಧಾನದ 51ಎ ವಿಧಿ ಜೀವಿಗಳ ಮೇಲಿನ ಅನುಕಂಪವನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ.

ಕಾನೂನಿಗಿಂತ ಮೊದಲೇ ಈ ಮಾತನ್ನು ಹೇಳಿದವರಿದ್ದಾರೆ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಹೊರಗೆ ಹೋಗಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿಗೆ ಶಿಕ್ಷೆಯಾದ ಸಂಗತಿ ಹದೀಸಿನಲ್ಲಿದೆ. ಬೆಕ್ಕು ಅಶುದ್ಧವಲ್ಲ, ಮನೆಯಲ್ಲಿ ನಮ್ಮ ಸುತ್ತ ಓಡಾಡಿಕೊಂಡಿರುವ ಜೀವ ಎಂದು ಪ್ರವಾದಿಯವರು ತಿಳಿಸಿದ್ದೂ ಹದೀಸಿನಲ್ಲಿದೆ. ಅತಿ ಹೆಚ್ಚು ಹದೀಸುಗಳನ್ನು ತಿಳಿಸಿದ ಅಬೂ ಹುರೈರಾ ಅವರ ಆ ಹೆಸರಿನ ಅರ್ಥವೇ 'ಬೆಕ್ಕಿನಮರಿಯ ತಂದೆ' ಎಂದು. ಯಾವ ಧರ್ಮದ ಮನೆಯಾದರೂ ಹಸಿದ ಜೀವಕ್ಕೆ ತುತ್ತು ಹಾಕುವುದನ್ನು ಪುಣ್ಯವೆಂದೇ ತಿಳಿಯುತ್ತದೆ.

ಆದ್ದರಿಂದ ಮನೆಯಲ್ಲಿ ಚೀಲದ ಮಾತು ಬಂದರೆ ಹಿರಿಯರ ಹತ್ತಿರ ಒಂದು ತಿಂಗಳ ಸಮಯ ಕೇಳಿ. ಮೊದಲ ಮೂರು ದಿನ ನೋಡಿ ಬರೆಯಿರಿ. ನಾಲ್ಕನೆಯ ದಿನ ಕಂಬ, ಹಲಗೆ, ಪೆಟ್ಟಿಗೆ ಸಿದ್ಧಮಾಡಿ. ಅದೇ ದಿನದಿಂದ ಸೋಫಾದ ಮೂಲೆ ಮುಚ್ಚಿ. ಬೆಕ್ಕು ದಿನಕ್ಕೆ ಎಷ್ಟು ಸಲ ಸೋಫಾ ಹತ್ತಿತು, ಎಷ್ಟು ಸಲ ತನ್ನ ಹಲಗೆಗೆ ಹೋಯಿತು ಎಂದು ಎರಡು ಸಾಲಿನಲ್ಲಿ ಲೆಕ್ಕ ಇಡಿ. ಒಂದು ಸಾಲು ಇಳಿಯುತ್ತ, ಇನ್ನೊಂದು ಏರುತ್ತ ಹೋದರೆ ಆ ನೋಟ್‌ಬುಕ್ಕನ್ನೇ ಹಿರಿಯರ ಮುಂದಿಡಿ. ಬೆಕ್ಕಿನ ಪರವಾಗಿ ಅದಕ್ಕಿಂತ ಒಳ್ಳೆಯ ವಕೀಲ ಸಿಗುವುದಿಲ್ಲ.